ಸೆರೆಬ್ರಲ್ ಪಾಲ್ಸಿ: ಹೆತ್ತವರ ಒತ್ತಡ ಮತ್ತು ತಾಳಿಕೆ

ಬೆಳೆಯುತ್ತಿರುವ ಮಿದುಳಿಗೆ ತಗಲಿದ ಹಾನಿಯಿಂದ ಮಗುವಿನ ಚಲನೆ ಮತ್ತು ಮೈಯ ಭಂಗಿ ಶಾಶ್ವತವಾಗಿ ಏರುಪೇರಾಗುವ ಸ್ಥಿತಿ ಸೆರೆಬ್ರಲ್ ಪಾಲ್ಸಿ. ಮಿದುಳಿನ ಹಾನಿ ಹೆಚ್ಚುತ್ತ ಹೋಗುವುದಿಲ್ಲ. ಆರೈಕೆಯ ಭಾರ ಮಾತ್ರ ಹೆಚ್ಚುತ್ತದೆ. ಎರಡು ವರ್ಷದ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಡಾಡಿದ ತಾಯಿಯೇ ಹನ್ನೆರಡರ ಮಗನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗಬೇಕು. ಬಿಗಿದ ಸ್ನಾಯುಗಳಿಗೆ ದಿನವೂ ಫಿಸಿಯೋಥೆರಪಿ, ನುಂಗಲು ಕಷ್ಟಪಡುವ ಮಗುವಿಗೆ ನಿಧಾನವಾಗಿ ತುತ್ತು, ನಡುರಾತ್ರಿ ಮಗ್ಗುಲು ಬದಲಿಸುವ ಕೆಲಸ. ಬೆನ್ನುನೋವು, ನಿದ್ದೆಗೇಡು, ಬಿಟ್ಟ ನೌಕರಿ, ತಪ್ಪಿಹೋದ ಮದುವೆ ಮುಂಜಿಗಳು ಇದರ ಬೆನ್ನಿಗೇ ಬರುತ್ತವೆ. ಇದರ ಮೇಲೆ, ತಪ್ಪನ್ನೆಲ್ಲ ತಾಯಿಯ ಬಸಿರಿಗೋ ಪೂರ್ವಜನ್ಮದ ಕರ್ಮಕ್ಕೋ ಕಟ್ಟುವ ನೆಂಟರ ಮಾತು ಬೇರೆ.

ಅಂಗವೈಕಲ್ಯ ತೀವ್ರವಾದಷ್ಟೂ ಒತ್ತಡವೂ ತೀವ್ರ ಎಂಬ ಲೆಕ್ಕ ಸರಿಯಲ್ಲ. ಯುರೋಪಿನ ಹಲವು ಪ್ರದೇಶಗಳ ಕುಟುಂಬಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೆತ್ತವರ ಒತ್ತಡ ಮಗುವಿನ ಸಂವಹನದ ತೊಡಕು ಮತ್ತು ನೋವಿನ ಜೊತೆ ತಳಕು ಹಾಕಿಕೊಂಡಿತ್ತು. ಅಳುವ ಮಗುವಿಗೆ ಏನಾಗಿದೆ ಎಂದು ತಿಳಿಯದಿರುವುದು ಎತ್ತಿ ಇಳಿಸುವ ದಣಿವಿಗಿಂತ ದೊಡ್ಡ ಸಂಕಟ.

ಒಂದೇ ಬಗೆಯ ಕಷ್ಟ ಒಂದು ಮನೆಯನ್ನು ಕುಗ್ಗಿಸಿ ಇನ್ನೊಂದನ್ನು ಏಕೆ ಬಿಡುತ್ತದೆ? ಎರಡನೆಯ ಮಹಾಯುದ್ಧದಿಂದ ಅಗಲಿದ ಅಮೆರಿಕದ ಕುಟುಂಬಗಳನ್ನು ಅಭ್ಯಸಿಸಿದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್ 1949ರಲ್ಲಿ ಕೊಟ್ಟ ಚೌಕಟ್ಟು ಇಂದಿಗೂ ಬಳಕೆಯಲ್ಲಿದೆ: ಎದುರಾದ ಘಟನೆ, ಕುಟುಂಬದ ಕೈಯಲ್ಲಿರುವ ಸಂಪನ್ಮೂಲ, ಘಟನೆಯನ್ನು ಅದು ಅರ್ಥ ಮಾಡಿಕೊಳ್ಳುವ ರೀತಿ, ಈ ಮೂರೂ ಸೇರಿ ಬಿಕ್ಕಟ್ಟನ್ನು ನಿರ್ಧರಿಸುತ್ತವೆ. ತಾಳಿಕೆಯನ್ನು ತಾಯಿಯ ಸಹನೆಯೆಂದು ಹೊಗಳಿ ಕೈತೊಳೆದುಕೊಳ್ಳುವ ನಮ್ಮ ರೂಢಿಗೆ ಇದು ಒಳ್ಳೆಯ ಉತ್ತರ. ಸರದಿಯಲ್ಲಿ ಮಗುವನ್ನು ನೋಡಿಕೊಳ್ಳುವ ಅಜ್ಜಿ, ಹತ್ತಿರದ ಚಿಕಿತ್ಸಾ ಕೇಂದ್ರ, ಗಾಲಿಕುರ್ಚಿ ದಾಟಬಲ್ಲ ಹೊಸ್ತಿಲು, ಅದೇ ಹಾದಿ ತುಳಿದ ಇತರ ಪೋಷಕರು ತಾಳಿಕೆಯ ನಿಜವಾದ ಬಂಡವಾಳ.

ಭಾರತದಲ್ಲಿ ಈ ಬಂಡವಾಳವನ್ನು ಹಲವೆಡೆ ಹೆತ್ತವರೇ ಕಟ್ಟಿದರು. ಸೆರೆಬ್ರಲ್ ಪಾಲ್ಸಿ ಇರುವ ಮಗಳ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಸ್ಥಾಪಿಸಿದರು. ಮಗಳು ಮಾಲಿನಿ ಚಿಬ್ ಮುಂದೆ ತಮ್ಮ ಆತ್ಮಕಥೆಯನ್ನು ತಾವೇ ಬರೆದರು. ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಕೆಲಸ ಮಾಡುತ್ತಿದೆ.

ವಯಸ್ಸಾಗುತ್ತಿರುವ ಹೆತ್ತವರ ಚಿಂತೆಯೇ ಬೇರೆ: ನಾವು ಹೋದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ? 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ, ವಯಸ್ಕ ಮಗ ಅಥವಾ ಮಗಳಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸುವಂತೆ ಹೆತ್ತವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬಹುದು.