ಸಿರಾ ಸೀಮೆಯ ಕೋಟೆಗಳಿಗೆ ಕಾವಲು ಯಾರು?

ರಣರಂಗ ಎಂದೊಡನೆ ನಮಗೆ ನೆನಪಾಗುವುದು ಪಾಣಿಪತ್, ಪ್ಲಾಸಿ. ತುಮಕೂರು ಜಿಲ್ಲೆಯ ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಸೀಮೆಯೂ ಒಂದು ಕಾಲದಲ್ಲಿ ಸೇನೆಗಳ ಹಾದಿಯಾಗಿತ್ತು ಎಂಬುದನ್ನು ನಾವು ಮರೆತೇಬಿಟ್ಟಿದ್ದೇವೆ.

1687ರಲ್ಲಿ ಮೊಗಲರು ಸಿರಾವನ್ನು ತಮ್ಮ ಪ್ರಾಂತ್ಯದ ಕೇಂದ್ರವನ್ನಾಗಿಸಿ ಖಾಸಿಂ ಖಾನನನ್ನು ಅಲ್ಲಿಗೆ ನೇಮಿಸಿದರು. 1757ರಲ್ಲಿ ಅದು ಮರಾಠರ ಪಾಲಾಯಿತು. 1761ರಲ್ಲಿ ಬಸಾಲತ್ ಜಂಗನೊಂದಿಗೆ ಸೇರಿ ಅದನ್ನು ಗೆದ್ದ ಹೈದರಾಲಿ 'ಸಿರಾದ ನವಾಬ' ಎನಿಸಿಕೊಂಡ. 1767ರಲ್ಲಿ ಪೇಶ್ವೆ ಮಾಧವರಾಯ ದಂಡೆತ್ತಿ ಬಂದಾಗ ಸಿರಾವನ್ನು ಅವನಿಗೆ ಒಪ್ಪಿಸಿದವನು ಹೈದರನ ಭಾವಮೈದುನ ಮೀರ್ ಅಲಿ ರಜಾ ಖಾನ್! ಅದೇ ದಂಡಯಾತ್ರೆಯಲ್ಲಿ ಮಧುಗಿರಿಯೂ ಮರಾಠರ ಕೈಸೇರಿತು. ಹೈದರ್ ಅಲ್ಲಿ ಸೆರೆಯಲ್ಲಿಟ್ಟಿದ್ದ ಬಿದನೂರಿನ ರಾಣಿ ವೀರಮ್ಮಾಜಿಗೆ ಬಿಡುಗಡೆಯಾಯಿತು. 1774ರಲ್ಲಿ ಟಿಪ್ಪು ಇವನ್ನೆಲ್ಲ ಮರಳಿ ಪಡೆದ.

ಇದನ್ನು ಎರಡು ಧರ್ಮಗಳ ಕಾಳಗವೆಂದು ಹೇಳಲು ಹೊರಟರೆ ಸಂಗತಿಗಳೇ ಅಡ್ಡ ಬರುತ್ತವೆ. ಹಾಗೆಂದು ನಮಗೆ ಹಿತವಾದುದನ್ನಷ್ಟೇ ಆಯ್ದುಕೊಳ್ಳುವುದೂ ನ್ಯಾಯವಲ್ಲ. ರಾಣಿಯ ಸೆರೆವಾಸವೂ ಇತಿಹಾಸವೇ; ಗಂಜಾಂ ಪೇಟೆಯನ್ನು ತುಂಬಲೆಂದು ಸಿರಾದಿಂದ ಬಲವಂತವಾಗಿ ಎಬ್ಬಿಸಲ್ಪಟ್ಟ ಸಾವಿರಾರು ಕುಟುಂಬಗಳ ಸಂಕಟವೂ ಇತಿಹಾಸವೇ. ಕಲ್ಲುಗಳು ಅಳಿದ ಮೇಲೆ ಯಾರು ಬೇಕಾದರೂ ಯಾವ ಕಥೆಯನ್ನಾದರೂ ಕಟ್ಟಬಹುದು. ಉಳಿದರೆ, ಅವೇ ಸಾಕ್ಷಿ ನುಡಿಯುತ್ತವೆ.

ಮಧುಗಿರಿಯ ಕೋಟೆ, ಸಿರಾದ ಮಲಿಕ್ ರಿಹಾನ್ ದರ್ಗಾ ಮತ್ತು 1696ರ ಜುಮ್ಮಾ ಮಸೀದಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕಗಳ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿಗೆ ಅನುಮತಿ ಬೇಕು. ಆದರೆ ಚನ್ನರಾಯನದುರ್ಗ, ಮಿಡಿಗೇಶಿ, ಪಾವಗಡದಂಥ ಬೆಟ್ಟಗಳ ಪ್ರತಿ ಬುರುಜಿಗೂ ಒಬ್ಬ ಕಾವಲುಗಾರನನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಸ್ವಯಂಸೇವಕರು ಬೇಕಾಗುವುದು ಇಲ್ಲಿಯೇ. ಪರಂಪರೆಯನ್ನು ಕಾಪಾಡುವುದು ಸಂವಿಧಾನದ 51ಎ ವಿಧಿ ಹೇಳುವ ಮೂಲಭೂತ ಕರ್ತವ್ಯಗಳಲ್ಲೊಂದು.

ಈ ಸೇವೆಗೆ ಉತ್ಸಾಹವೊಂದೇ ಸಾಲದು, ವಿವೇಕವೂ ಬೇಕು. ಗೋಡೆಯ ಸಂದಿಯಲ್ಲಿ ಬೇರೂರಿದ ಅರಳಿ ಗಿಡವನ್ನು ಹಿಡಿದೆಳೆದರೆ ಕಲ್ಲೂ ಕಿತ್ತು ಬರುತ್ತದೆ. ಗಾರೆಯ ಗೋಡೆಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಸಡಿಲವಾಗುತ್ತದೆ. ಶಾಸನದ ಮೇಲೆ ಸುಣ್ಣ ಬಳಿಯುವುದು ಭಕ್ತಿಯಲ್ಲ. ದುರಸ್ತಿಯನ್ನು ತಜ್ಞರಿಗೆ ಬಿಡೋಣ. ಕಸ ಹೆಕ್ಕುವುದು, ನಿಧಿಗಾಗಿ ಅಗೆಯುವವರನ್ನು ಕಂಡರೆ ಪೊಲೀಸರಿಗೆ ತಿಳಿಸುವುದು, ಕುಸಿದ ಭಾಗದ ಫೋಟೋ ತೆಗೆದು ದಿನಾಂಕ ಸಮೇತ ಇಲಾಖೆಗೆ ಕಳುಹಿಸುವುದು, ಊರಿನ ಹಿರಿಯರ ನೆನಪುಗಳನ್ನು ಬರೆದಿಡುವುದು ಮಾತ್ರ ನಮ್ಮಿಂದಲೇ ಆಗುವ ಕೆಲಸಗಳು.

ಮಸೀದಿಯ ಕಮಿಟಿ, ದೇವಸ್ಥಾನದ ಸಮಿತಿ, ಶಾಲೆ, ಯುವಕ ಸಂಘಗಳು ತಿಂಗಳಿಗೊಂದು ಭಾನುವಾರ ಜೊತೆಯಾಗಿ ಬೆಟ್ಟ ಹತ್ತಲಿ. ಹಿಂದೆ ಈ ಮೆಟ್ಟಿಲುಗಳನ್ನು ಹತ್ತಿದವರು ಕಾದಾಡಲು ಬಂದವರು. ನಾವು ಕಾಪಾಡಲು ಹತ್ತೋಣ.