ಬೆಳಗಾವಿಯ ಕೊಡ: ರಾಕಸಕೊಪ್ಪ ಜಲಾಶಯ

ನೀವು ಬೆಳಗಾವಿಯವರಾಗಿದ್ದರೆ ಈ ಪ್ರಶ್ನೆ ನಿಮಗೆ ಹೊಸದಲ್ಲ. ಜೂನ್ ತಿಂಗಳ ಎರಡನೆಯ ವಾರ ಕಳೆದರೂ ಮಳೆ ಹಿಡಿಯದಿದ್ದರೆ ಓಣಿಯ ಕಟ್ಟೆಯ ಮೇಲೆ, ಚಹದ ಅಂಗಡಿಯಲ್ಲಿ, ಕಚೇರಿಯಲ್ಲಿ ಕೇಳಿಬರುವುದು ಒಂದೇ ಮಾತು: "ರಾಕಸಕೊಪ್ಪದಾಗ ನೀರೆಷ್ಟ ಐತಿ?" ಉತ್ತರ ಬರುವುದು ಅಡಿಗಳ ಲೆಕ್ಕದಲ್ಲಿ. ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 2,475 ಅಡಿ ಎತ್ತರದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಎಷ್ಟು ಅಡಿ ಕೆಳಗಿದೆ ಎಂದು ಕೇಳಿದ ಗೃಹಿಣಿ, ಇನ್ನು ನಲ್ಲಿ ಎಷ್ಟು ದಿನಕ್ಕೊಮ್ಮೆ ಬಂದೀತೆಂದು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತಾಳೆ.

ಒಂದು ಊರು ತನ್ನ ನೀರನ್ನು ಹೀಗೆ ಒಂದು ಅಂಕಿಯಲ್ಲಿ ಕಾಣುವುದು ಹಳೆಯ ರೂಢಿಯೇನಲ್ಲ. ಅದಕ್ಕೆ ಅರವತ್ತು ವರ್ಷ ಮೀರಿದೆ, ಅಷ್ಟೆ. ಅದಕ್ಕೂ ಹಿಂದೆ ಬೆಳಗಾವಿ ಬಾವಿಗಳ ಊರು.

ರಟ್ಟರ ಕಾಲದಲ್ಲಿ, ಹದಿಮೂರನೆಯ ಶತಮಾನದ ಮೊದಲ ವರ್ಷಗಳಲ್ಲಿ, ಈ ಊರು ವೇಣುಗ್ರಾಮವೆಂಬ ಹೆಸರಿನ ರಾಜಧಾನಿಯಾಯಿತು. ಕೋಟೆ ಎದ್ದಿತು, ಬಸದಿಗಳು ಎದ್ದವು. ಆದರೆ ಊರಿನ ಮಗ್ಗುಲಿಗೆ ದೊಡ್ಡ ಹೊಳೆಯಿಲ್ಲ. ಹಾಗಿದ್ದೂ ಇಲ್ಲಿ ಜನ ನೆಲೆ ನಿಂತದ್ದು ಹೇಗೆ ಎಂದು ನೀವು ಕೇಳಬಹುದು. ಅದರ ಗುಟ್ಟು ನೆಲದಲ್ಲಿದೆ. ಬೆಳಗಾವಿಯ ಮೇಲ್ಪದರ ಕೆಂಪು ಜಂಬಿಟ್ಟಿಗೆ ಕಲ್ಲು, ಅದರಡಿಯಲ್ಲಿ ಕಪ್ಪು ಬಂಡೆ. ಜಂಬಿಟ್ಟಿಗೆಯ ಮೈತುಂಬ ರಂಧ್ರಗಳು. ಮಳೆಗಾಲದ ನೀರನ್ನು ಅದು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ನಿಧಾನವಾಗಿ ಬಾವಿಗೆ ಬಿಟ್ಟುಕೊಡುತ್ತದೆ. ಹಾಗಾಗಿ ಓಣಿಗೊಂದು, ವಾಡೆಗೊಂದು ಬಾವಿ ತೋಡಿದರು. ಕಪಿಲೇಶ್ವರ ಗುಡಿಯ ಹೊಂಡವಿತ್ತು, ಕೋಟೆಯ ಬದಿಯ ಕೆರೆಯಿತ್ತು. ದಂಡು ಬಂದಾಗಲೂ ಊರು ಈ ನೀರಿನ ಮೇಲೆಯೇ ನಡೆಯಿತು.

ಇವುಗಳ ಪೈಕಿ ಒಂದು ಬಾವಿಯನ್ನು ದೇಶವೇ ಬಲ್ಲುದು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿ ನಡೆಯಿತಷ್ಟೆ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯ ಬಯಲಿನಲ್ಲಿ 'ವಿಜಯನಗರ'ವೆಂಬ ಬಿಡಾರವೇ ಎದ್ದು ನಿಂತಿತು. ಸಾವಿರಾರು ಪ್ರತಿನಿಧಿಗಳಿಗೆ ನೀರು ಬೇಕಲ್ಲ! ಅದಕ್ಕಾಗಿ ತೋಡಿಸಿದ ಬಾವಿಗೆ ಪಂಪಾ ಸರೋವರವೆಂದು ಹೆಸರಿಟ್ಟರು. ಖರ್ಚು 4,370 ರೂಪಾಯಿ 3 ಆಣೆ. ಜನರ ಬಾಯಲ್ಲಿ ಅದು 'ಕಾಂಗ್ರೆಸ್ ಬಾವಿ'. ಅಧಿವೇಶನದ ಚಪ್ಪರ ಬಿಚ್ಚಿದ ಮೇಲೂ ಬಾವಿ ಉಳಿಯಿತು, ಸುತ್ತಲಿನ ಬಡಾವಣೆಗೆ ನೀರು ಕೊಟ್ಟಿತು. ಇಂದು ಅದು ವೀರಸೌಧದ ಆವರಣದಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಊರು ಬೆಳೆಯಿತು. 1956ರ ನವೆಂಬರ್ 1ರಂದು ಬೆಳಗಾವಿ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಕೆಲವೇ ವರ್ಷಗಳಲ್ಲಿ, 1962ರಲ್ಲಿ, ನಗರದ ಪಶ್ಚಿಮಕ್ಕೆ ಹದಿನೈದು ಹದಿನಾರು ಕಿಲೋಮೀಟರಿನಾಚೆ ಮಾರ್ಕಂಡೇಯ ನದಿಗೆ ಅಡ್ಡಲಾಗಿ ರಾಕಸಕೊಪ್ಪದ ಕಟ್ಟೆ ಸಿದ್ಧವಾಯಿತು. ಹೆಸರು ಕೇಳಿ ಬೆದರಬೇಕಾಗಿಲ್ಲ. ರಾಕಸನೆಂದರೆ ರಾಕ್ಷಸ ನಿಜ. ಕೊಪ್ಪವೆಂದರೆ ಸಣ್ಣ ಹಳ್ಳಿ. ಆಗ ನಗರದ ಜನಸಂಖ್ಯೆ ಒಂದೂವರೆ ಲಕ್ಷದೊಳಗಿತ್ತು. ಆ ಊರಿಗೆ ಈ ಕೊಡ ಸಾಕಾಗಿತ್ತು.

ಈಗ ಎಷ್ಟು ಸಾಲುತ್ತದೆ? ಒಂದು ಸಣ್ಣ ಲೆಕ್ಕ ಹಾಕೋಣ. ರಾಕಸಕೊಪ್ಪ ಹಿಡಿಯುವುದು ಸುಮಾರು 0.6 ಟಿ.ಎಂ.ಸಿ. ನೀರು, ಎಂದರೆ ಹೆಚ್ಚುಕಡಿಮೆ 1,700 ಕೋಟಿ ಲೀಟರು. 2011ರ ಜನಗಣತಿಯಂತೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ 4 ಲಕ್ಷ 88 ಸಾವಿರ ಜನ. ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೆ ತುಂಬಿದ ಜಲಾಶಯ ಎಂಟೂವರೆ ತಿಂಗಳು ಬರಬೇಕು. ಅಕ್ಟೋಬರಿನಿಂದ ಜೂನಿಗೆ ಎಂಟು ತಿಂಗಳು. ಕಾಗದದ ಮೇಲೆ ಸರಿಹೋಯಿತು! ಆದರೆ ಬಿಸಿಲು ಕುಡಿಯುವ ನೀರು, ತಳದಲ್ಲೇ ಉಳಿಯುವ ನೀರು, ಹಳೆಯ ಕೊಳವೆಗಳಲ್ಲಿ ಸೋರುವ ನೀರು, ಕಾರ್ಖಾನೆ ದವಾಖಾನೆಗಳಿಗೆ ಹೋಗುವ ನೀರು ಈ ಲೆಕ್ಕದಲ್ಲಿಲ್ಲ. ಜನರೂ 2011ರ ಅಂಕಿಯಲ್ಲೇ ನಿಂತಿಲ್ಲ.

ಅದಕ್ಕೇ ಹಿಡಕಲ್ ಬೇಕಾಯಿತು. ಹುಕ್ಕೇರಿ ತಾಲ್ಲೂಕಿನಲ್ಲಿ ಘಟಪ್ರಭೆಗೆ ಕಟ್ಟಿದ ಈ ಜಲಾಶಯ 1977ರಲ್ಲಿ ಪೂರ್ಣಗೊಂಡಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಅದಕ್ಕಿದೆ. ಹಿಡಿಯುವ ನೀರು 51 ಟಿ.ಎಂ.ಸಿ., ರಾಕಸಕೊಪ್ಪದಂಥ ಎಂಬತ್ತೈದು ಕೊಡಗಳು. ಹೊಲಗಳಿಗೆಂದು ಕಟ್ಟಿದ ಈ ಜಲಾಶಯದಿಂದ ಆಮೇಲೆ ನಗರಕ್ಕೂ ಕೊಳವೆ ಎಳೆದರು. ಇಲ್ಲೊಂದು ಮಾತನ್ನು ಗಮನಿಸಬೇಕು. ಹಿಡಕಲ್ಲಿನ ತುಂಬಿದ ಮಟ್ಟ 2,175 ಅಡಿ. ರಾಕಸಕೊಪ್ಪಕ್ಕಿಂತ ಸರಿಯಾಗಿ 300 ಅಡಿ ಕೆಳಗೆ. ರಾಕಸಕೊಪ್ಪದ ನೀರನ್ನು ಹಿಂಡಲಗಾದ ಪಂಪುಮನೆಯಿಂದ ಲಕ್ಷ್ಮೀ ಟೇಕಿನ ಶುದ್ಧೀಕರಣ ಘಟಕಕ್ಕೆ ಏರಿಸಿದರೆ ಸಾಕು. ಹಿಡಕಲ್ಲಿನ ನೀರು ತುಮ್ಮರಗುದ್ದಿ, ಕುಂದರಗಿಗಳಲ್ಲಿ ಮೆಟ್ಟಿಲು ಹತ್ತಿದಂತೆ ಹತ್ತಿ ಬಸವನಕೊಳ್ಳಕ್ಕೆ ಬರಬೇಕು. ಕರೆಂಟು ಹೋದರೆ, ಪಂಪು ಕೆಟ್ಟರೆ, ದೊಡ್ಡ ಜಲಾಶಯ ತುಂಬಿ ತುಳುಕುತ್ತಿದ್ದರೂ ನಲ್ಲಿ ಒಣಗುತ್ತದೆ. ಚಿಕ್ಕ ಕೊಡದ ಬೆಲೆ ತಿಳಿಯುವುದು ಆಗ.

ನಲ್ಲಿ ಬಂದ ಮೇಲೆ ಬಾವಿಗಳ ಗತಿ ಏನಾಯಿತು? ಏನಾಗಬೇಕೋ ಅದೇ. ಕಸ ಬಿತ್ತು, ಹೂಳು ತುಂಬಿತು, ಕೆಲವನ್ನು ಮುಚ್ಚಿ ಮೇಲೆ ಕಟ್ಟಡ ಕಟ್ಟಿದರು. 1990ರ ದಶಕದ ನಡುವಿನಲ್ಲಿ ನೀರಿನ ಬರ ಬಂದು ಊರು ತತ್ತರಿಸಿದಾಗ ಹಿರಿಯರು ಕೈಬಿಟ್ಟ ಬಾವಿಗಳನ್ನು ನೆನಪಿಸಿದರು. ಕಾಂಗ್ರೆಸ್ ಬಾವಿಯೂ ಸೇರಿದಂತೆ ಹಲವನ್ನು ಹೂಳೆತ್ತಿ ಪಂಪು ಕೂರಿಸಲಾಯಿತು. ಎಪ್ಪತ್ತು ವರ್ಷದ ಹಿಂದಿನ ಆ 4,370 ರೂಪಾಯಿ 3 ಆಣೆ ಇನ್ನೂ ನೀರು ಕೊಡುತ್ತಿತ್ತು! 2008ರಲ್ಲಿ ನಗರದ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ಪ್ರಯೋಗ ನಡೆದು ಹೆಸರಾಯಿತು. ಉಳಿದ ವಾರ್ಡಿನವರಿಗೆ ಅದು ಬಹುಕಾಲ ಕೇಳಿದ ಸುದ್ದಿಯಾಗಿಯೇ ಉಳಿಯಿತು.

ಇಷ್ಟು ನಗರದ ಕಥೆ. ಆದರೆ ಈ ಕೊಡಕ್ಕೆ ನೀರು ತುಂಬುವವರು ಯಾರು? ಮಾರ್ಕಂಡೇಯ ಹುಟ್ಟುವುದು ಖಾನಾಪುರ ತಾಲ್ಲೂಕಿನ ಬೈಲೂರಿನ ಗುಡ್ಡಗಳಲ್ಲಿ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ. ದೇಗಾಂವದ ಕಡೆಯಿಂದ ಮಹದಾಯಿ ಇಳಿದು ಗೋವೆಯತ್ತ ಹರಿಯುತ್ತಾಳೆ. ಒಂದೇ ತಾಲ್ಲೂಕಿನ ಮಳೆ ಮೂರು ದಿಕ್ಕಿಗೆ ಹಂಚಿಹೋಗುತ್ತದೆ. ಮಲಪ್ರಭೆ ಖಾನಾಪುರ ಪಟ್ಟಣವನ್ನು ಸವರಿ, ನವಿಲುತೀರ್ಥದಲ್ಲಿ 1972ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ಜಲಾಶಯ ತುಂಬದ ವರ್ಷಗಳು ಹೆಚ್ಚಿದ್ದರಿಂದಲೇ ಕಳಸಾ, ಬಂಡೂರಿ ಹಳ್ಳಗಳನ್ನು ಮಲಪ್ರಭೆಗೆ ತಿರುಗಿಸುವ ಯೋಜನೆ ಹುಟ್ಟಿದ್ದು, ನರಗುಂದ, ನವಲಗುಂದದ ರೈತರು ಬೀದಿಗಿಳಿದದ್ದು. ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟರೂ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ.

ನೀರು ಹುಟ್ಟುವ ಈ ಸೀಮೆಯ ಪಾಡೇ ಬೇರೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿಯ ಹಳ್ಳಿಗಳು ದಿನಗಟ್ಟಲೆ ಸೂರ್ಯನನ್ನು ಕಾಣುವುದಿಲ್ಲ. ಆದರೆ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಏಪ್ರಿಲ್ ಬಂತೆಂದರೆ ಅಲ್ಲಿಯ ಹೆಂಗಸರೂ ಕೊಡ ಹೊತ್ತು ದೂರ ನಡೆಯಬೇಕಾಗುತ್ತದೆ. ಅಷ್ಟಿಷ್ಟು ನೀರನ್ನು ಹಿಡಿದಿಟ್ಟು ಬಿಡುವುದು ಅಲ್ಲಿಯ ಕಾಡು. ಆ ಕಾಡು ತೆಳುವಾದಷ್ಟೂ ಮಣ್ಣು ತೊಳೆದುಬಂದು ಜಲಾಶಯದ ತಳ ಸೇರುತ್ತದೆ. ಆಗ ಮೇಲಿನ 2,475 ಅಡಿ ಹಾಗೇ ಇರುತ್ತದೆ, ಕೆಳಗಿನ ನೀರು ಕಡಿಮೆಯಾಗಿರುತ್ತದೆ. ಪತ್ರಿಕೆಯಲ್ಲಿ ಮಟ್ಟವನ್ನು ಓದುವ ನಮಗೆ ಅದು ಕಾಣುವುದಿಲ್ಲ.

ಕಟ್ಟೆಯ ಕೆಳಗೂ ಊರುಗಳಿವೆ. ಬೆಳಗಾವಿಯ ಕೊಳೆ ನೀರು ಬಳ್ಳಾರಿ ನಾಲೆಗೆ ಇಳಿಯುತ್ತದೆ. ಆ ನಾಲೆ ಬಾಸುಮತಿ ಬೆಳೆಗೆ ಹೆಸರಾದ ಗದ್ದೆಗಳನ್ನು ದಾಟಿ ಕೊನೆಗೆ ಸೇರುವುದು ಇದೇ ಮಾರ್ಕಂಡೇಯವನ್ನು! ನಾವು ಮೇಲೆ ಎತ್ತಿಕೊಂಡ ನದಿಗೆ ಕೆಳಗೆ ಮರಳಿ ಕೊಡುವುದು ಇದನ್ನು. ನದಿ ಅದನ್ನು ಹೊತ್ತು ಗೊಡಚಿನಮಲ್ಕಿಯಲ್ಲಿ ಧುಮುಕಿ, ಬೆಳಗಾವಿಯ ಅರ್ಧದಷ್ಟೂ ಮಳೆ ಕಾಣದ ಗೋಕಾಕ ಸೀಮೆಯಲ್ಲಿ ಘಟಪ್ರಭೆಯನ್ನು ಕೂಡುತ್ತದೆ.

ಚಿಕ್ಕ ಕೊಡಕ್ಕೆ ಇನ್ನೊಂದು ಕಷ್ಟವೂ ಉಂಟು. ಅದು ಬೇಗ ಬರಿದಾದಂತೆ ಬೇಗ ತುಂಬುತ್ತದೆ. ಜುಲೈಯಲ್ಲಿ ಮಳೆ ಹೊಯ್ದರೆ ಕೆಲವೇ ದಿನಗಳಲ್ಲಿ ತುಂಬಿ, ಗೇಟು ಎತ್ತಲೇಬೇಕಾಗುತ್ತದೆ. 2019ರ ಆಗಸ್ಟಿನ ನೆರೆಯಲ್ಲಿ ಮಾರ್ಕಂಡೇಯದ ದಂಡೆಯ ಗದ್ದೆಗಳು ನೀರಿನಡಿಯಾದವು. 2023ರ ಜೂನಿನಲ್ಲಿ ಮುಂಗಾರು ತಡವಾದಾಗ ಅದೇ ಜಲಾಶಯದ ತಳ ಕಂಡಿತ್ತು. ನಗರದವರು ಕೇಳುವ ಪ್ರಶ್ನೆಯನ್ನು ಆ ದಂಡೆಯ ರೈತರೂ ಕೇಳುತ್ತಾರೆ: ರಾಕಸಕೊಪ್ಪದಾಗ ನೀರೆಷ್ಟ ಐತಿ? ಅವರು ಕೇಳುವುದು ಜುಲೈಯಲ್ಲಿ, ಗೇಟು ಎತ್ತುವ ಮುಂಚೆ, ಗದ್ದೆಯಲ್ಲಿ ಆಗಷ್ಟೇ ನಾಟಿ ಮುಗಿದಿರುವಾಗ.