ಹೊರನಾಡಿನಲ್ಲಿ ಮನೆಮಾತಿನ ಶಾಲೆ

ಮುಂಬಯಿಗೆ ಬಂದ ನಾವು ಹೊಟ್ಟೆಪಾಡಿನ ಜೊತೆಗೇ ಶಾಲೆಗಳನ್ನೂ ಕಟ್ಟಿಕೊಂಡವರು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ಫೋರ್ಟಿನ ರಾತ್ರಿಶಾಲೆಯಲ್ಲಿ ಕನ್ನಡದಲ್ಲೇ ಓದಿ ಮೆಟ್ರಿಕ್ ಮುಗಿಸಿದವರ ಕಥೆ ನಮ್ಮ ಅನೇಕ ಮನೆಗಳಲ್ಲಿದೆ. ಹೊರನಾಡಿನಲ್ಲಿ ಹೀಗೆ ಸ್ವಂತ ನುಡಿಯಲ್ಲಿ ಕಲಿಸುವ ಹಕ್ಕು ಎಷ್ಟು ಗಟ್ಟಿ ಎಂಬುದನ್ನು ತಿಳಿಯಲು ಅಮೆರಿಕೆಯ ಒಂದು ಹಳೆಯ ಮೊಕದ್ದಮೆಯನ್ನು ಪಕ್ಕದಲ್ಲಿಟ್ಟು ನೋಡಬೇಕು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ಹುಟ್ಟಿದ ಸಿಟ್ಟು ಅಲ್ಲಿ ಜರ್ಮನ್ ಭಾಷೆಯ ಮೇಲೂ ತಿರುಗಿತು. ಎಂಟನೆಯ ತರಗತಿ ದಾಟುವ ಮುನ್ನ ಯಾವ ಮಗುವಿಗೂ ಇಂಗ್ಲಿಷಲ್ಲದ ಆಧುನಿಕ ಭಾಷೆ ಕಲಿಸಕೂಡದೆಂದು ನೆಬ್ರಾಸ್ಕ ರಾಜ್ಯ 1919ರಲ್ಲಿ ಕಾನೂನು ಮಾಡಿತು. ಮರುವರ್ಷ ರಾಬರ್ಟ್ ಮೇಯರ್ ಎಂಬ ಶಿಕ್ಷಕರು ಚರ್ಚಿನ ಶಾಲೆಯೊಂದರಲ್ಲಿ ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿ 25 ಡಾಲರು ದಂಡಕ್ಕೆ ಗುರಿಯಾದರು. 1923ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಸ್ವಾರಸ್ಯವೆಂದರೆ, ಆ ಸಂವಿಧಾನದಲ್ಲಿ ಭಾಷಾ ಅಲ್ಪಸಂಖ್ಯಾತರ ಮಾತೇ ಇಲ್ಲ. 1868ರ ಹದಿನಾಲ್ಕನೆಯ ತಿದ್ದುಪಡಿಯಲ್ಲಿರುವ 'ಸ್ವಾತಂತ್ರ್ಯ' ಎಂಬ ಶಬ್ದದೊಳಗೆ ಶಿಕ್ಷಕನ ಕಲಿಸುವ ಹಕ್ಕೂ ತಂದೆತಾಯಿಯ ಆಯ್ಕೆಯೂ ಅಡಗಿವೆಯೆಂದು ನ್ಯಾಯಾಧೀಶರು ಅರ್ಥ ಮಾಡಿದರು. ಒಂಬತ್ತು ಮಂದಿಯಲ್ಲಿ ಇಬ್ಬರು ಅದನ್ನೂ ಒಪ್ಪಲಿಲ್ಲ!

ನಮ್ಮ ಸಂವಿಧಾನಕಾರರು ಅಷ್ಟನ್ನು ಅರ್ಥ ಮಾಡುವವರ ಕೃಪೆಗೆ ಬಿಡಲಿಲ್ಲ. ನುಡಿ, ಲಿಪಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ವಿಧಿಯಲ್ಲೂ, ಅಲ್ಪಸಂಖ್ಯಾತರು ತಮಗೊಪ್ಪುವ ಶಾಲೆ ಸ್ಥಾಪಿಸಿ ನಡೆಸುವ ಹಕ್ಕನ್ನು 30ರಲ್ಲೂ ಬರೆದೇಬಿಟ್ಟರು. ಅದರ ಒಂದು ಪರೀಕ್ಷೆ ಮುಂಬಯಿ ರಾಜ್ಯದಲ್ಲೇ ನಡೆಯಿತು. (ಆಗ ಧಾರವಾಡ, ಬೆಳಗಾವಿಗಳೂ ಅದರೊಳಗಿದ್ದವು.) ಆಂಗ್ಲೋ-ಇಂಡಿಯನ್ನರು ಮತ್ತು ಏಷ್ಯೇತರ ಮೂಲದವರನ್ನು ಬಿಟ್ಟು ಬೇರೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬಾರದೆಂದು ಸರಕಾರ 1954ರ ಜನವರಿಯಲ್ಲಿ ಆಜ್ಞೆ ಹೊರಡಿಸಿತು. ದೇವಳಾಲಿಯ ಬಾರ್ನ್ಸ್ ಶಾಲೆಯನ್ನು ನಡೆಸುತ್ತಿದ್ದ ಬಾಂಬೆ ಎಜುಕೇಶನ್ ಸೊಸೈಟಿ ಕೋರ್ಟಿಗೆ ಹೋಯಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನಲ್ಲಿಯೂ ಸರಕಾರ ಸೋತಿತು. ತಾಯ್ನುಡಿಯ ಅಭಿಮಾನಿಗಳಾದ ನಮಗೆ ಆ ಆಜ್ಞೆ ಹಿತವೆಂದೇ ತೋರೀತು. ಆದರೆ ಸ್ವಂತ ಸಂಸ್ಥೆಯಲ್ಲಿ ಸ್ವಂತ ಮಕ್ಕಳಿಗೆ ಸ್ವಂತ ಭಾಷೆಯಲ್ಲಿ ಕಲಿಸುವ ಹಕ್ಕು ಈ ವಿಧಿಗಳಲ್ಲಿ ಸೇರಿಯೇ ಇದೆಯೆಂದು ಹೇಳಿದ್ದು ಅದೇ ತೀರ್ಪು. ಇಂಗ್ಲಿಷ್ ಶಾಲೆ ಗೆದ್ದುಕೊಟ್ಟ ಮಾತು ನಮ್ಮ ಕನ್ನಡ ಶಾಲೆಗೂ ಆಸರೆಯಾಯಿತು.

1956ರಲ್ಲಿ 350ಎ ವಿಧಿ ಬಂತು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಲು ರಾಜ್ಯವೇ ಯತ್ನಿಸಬೇಕೆನ್ನುತ್ತದೆ ಅದು. ಅಮೆರಿಕೆಯ ಸಂವಿಧಾನದಲ್ಲಿ ಇಂಥದಿಲ್ಲ. ಆದರೆ ನಾವೇ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಕನ್ನಡದ ತರಗತಿ ಬರಿದಾದರೆ, ದೂರುವುದು ಯಾರನ್ನು?

ಹಕ್ಕಿಗೆ ಎಲ್ಲೆಯೂ ಉಂಟು. ಗುಜರಾತಿ ಅಲ್ಪಸಂಖ್ಯಾತರು ತಮ್ಮ ಇಂಗ್ಲಿಷ್ ಶಾಲೆಗಳಲ್ಲಿ ಮರಾಠಿ ಕಡ್ಡಾಯ ಬೇಡವೆಂದು ವಾದಿಸಿದಾಗ, 2004ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಇದರಿಂದ ನಮಗೇನೂ ನಷ್ಟವಾದಂತೆ ಕಾಣದು. ಈ ಊರಿನ ಅನ್ನ ಉಣ್ಣುವ ನಮ್ಮ ಮಕ್ಕಳು ಕನ್ನಡದ ಜೊತೆಗೆ ಮರಾಠಿಯನ್ನೂ ಮೊದಲಿನಿಂದ ಆಡುತ್ತಲೇ ಬಂದಿದ್ದಾರೆ.